ಬೈಗುಳದ ಪರೀಕ್ಷೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ತನ್ನ ಕೋಪದಿಂದ ಒಂದು ಸಂಶೋಧನಾ ಸಂಸ್ಥೆಗೇ ಉಪಕಾರವಾಗಿದೆ ಎಂದು ಹೇಳಿಕೊಳ್ಳಬಲ್ಲ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ. ಜಂಬ ಎಂದುಕೊಳ್ಳುವವರು ಎಂದುಕೊಳ್ಳಲಿ, ನಾನು ಹೇಳುವವಳೇ.

ನಾನು ಶಾಲೆಯಲ್ಲಿ ಪಿ.ಟಿ. ಟೀಚರು. ಮಕ್ಕಳು ನನಗಿಟ್ಟ ಹೆಸರು ಗುಡುಗು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ಆದರೆ ಹಿಂದಿನಿಂದ ಹೇಳುವುದು ನನಗೆ ಕೇಳಿಸುವುದಿಲ್ಲವೆಂದು ಅವರು ತಿಳಿದಿದ್ದರೆ ಅದು ಅವರ ದಡ್ಡತನ. ಮೈದಾನದ ಆಚೆ ತುದಿಯಲ್ಲಿ ಯಾವನಾದರೂ ಕಾಂಪೌಂಡು ಹತ್ತುತ್ತಿದ್ದರೆ ಈಚೆ ತುದಿಯಿಂದ ನಾನೊಂದು ಕೂಗು ಹಾಕಿದರೆ ಸಾಕು, ಹತ್ತಿದವನು ಹತ್ತಿದ ಹಾಗೇ ಇಳಿಯುತ್ತಿದ್ದ. ಮೈಕು ಗೀಕು ನನಗೆ ಬೇಕಾಗಿರಲಿಲ್ಲ. ಬಾಯಿದ್ದವನು ಬರದಲ್ಲೂ ಬದುಕಿದ ಎನ್ನುತ್ತಾರಲ್ಲ, ನಾನು ಬಾಯಿಯಿಂದಲೇ ಬದುಕಿದವಳು.

ಆ ಬಾಯಿಯೊಳಗೇ ಗಂಟು ಬಂತು. ಅಂಗುಳದಲ್ಲಿ, ಎಡಗಡೆ. ಡಾಕ್ಟರು ಕ್ಯಾನ್ಸರ್ ಎಂದರು, ಆಪರೇಷನ್ ಮಾಡಿದರು, ಜೀವ ಉಳಿಸಿದರು. ಅವರಿಗೆ ನಾನು ಯಾವತ್ತೂ ಕೈಮುಗಿಯುತ್ತೇನೆ. ಆದರೆ ಗಂಟಿನ ಜೊತೆಗೆ ಅಂಗುಳದ ಎಡಭಾಗವೂ ಆ ಕಡೆಯ ಮೇಲಿನ ಹಲ್ಲುಗಳೂ ಹೋದವು. ಬಾಯಿಗೂ ಮೂಗಿಗೂ ನಡುವೆ ಇದ್ದ ಸೂರಿನಲ್ಲಿ ಒಂದು ಕಿಂಡಿಯಾಯಿತು. ನೀರು ಕುಡಿದರೆ ಮೂಗಿನಲ್ಲಿ ಇಳಿಯುತ್ತಿತ್ತು. ಮಾತಾಡಿದರೆ ಉಸಿರೆಲ್ಲ ಕಿಂಡಿಯಿಂದ ಮೇಲೆ ಹೋಗಿ, ಪ, ಬ, ಕ, ಗ ಒಂದೂ ನಿಲ್ಲದೆ, ನೆಗಡಿಯಾದ ಎಮ್ಮೆ ನರಳಿದಂತೆ ಕೇಳುತ್ತಿತ್ತು. ವಿಷಲ್ ಊದಲೂ ಆಗುತ್ತಿರಲಿಲ್ಲ, ಗಾಳಿ ಬಾಯಲ್ಲಿ ನಿಂತರೆ ತಾನೇ? ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎಂಬ ಗಾದೆ ಕೇಳಿದ್ದೆ. ನನಗಂತೂ ಮೂಗು ಹಿಡಿದುಕೊಂಡರೆ ಮಾತ್ರ ಬಾಯಿಂದ ಮಾತು ಬರುತ್ತಿತ್ತು.

ಆಸ್ಪತ್ರೆಯವರು ಕಿಂಡಿ ಮುಚ್ಚಲು ಒಂದು ಪ್ಲೇಟು ಕೊಟ್ಟಿದ್ದರು. ಹಲ್ಲಿನ ಸೆಟ್ಟಿನ ಹಾಗೆ ಉಳಿದ ಹಲ್ಲುಗಳಿಗೆ ಕೊಕ್ಕೆ ಸಿಕ್ಕಿಸಿ ಕೂರಿಸುವುದು, ಮೇಲೆ ಕಿಂಡಿಗೆ ಹೊಂದುವ ಗಡ್ಡೆ. ಭಾರವೋ ಭಾರ, ಬಾಯಲ್ಲಿ ಕಲ್ಲಿಟ್ಟುಕೊಂಡ ಹಾಗೆ. ಮಧ್ಯಾಹ್ನದ ಹೊತ್ತಿಗೆ ಕೊಕ್ಕೆ ಸಡಿಲವಾಗಿ ಮತ್ತೆ ಎಮ್ಮೆಯ ರಾಗ. ಅದನ್ನೇ ಹಾಕಿಕೊಂಡು ಒಂದಷ್ಟು ದಿನ ಶಾಲೆಗೆ ಹೋದೆ. ಮಕ್ಕಳು ನಗಲಿಲ್ಲ, ಅದೇ ಹೆಚ್ಚು ನೋವಾಯಿತು.

ನಮ್ಮ ಹೆಡ್‌ಮಿಸ್ಸು ಕೆಟ್ಟವರಲ್ಲ. ಕರೆದು ಕೂರಿಸಿ ಮೆಲ್ಲಗೆ ಹೇಳಿದರು, ಮಕ್ಕಳು ಗುಂಡು ಎಸೆಯುತ್ತಾರೆ, ಈಟಿ ಎಸೆಯುತ್ತಾರೆ, ಅಡ್ಡ ಓಡುವ ಮಗುವಿಗೆ ಟೀಚರ ಕೂಗು ಕೇಳಿಸದಿದ್ದರೆ ಅನಾಹುತವಾಗುತ್ತದೆ ಎಂದು. ಅದರಲ್ಲಿ ಎದುರು ಹೇಳುವಂಥದ್ದೇನಿರಲಿಲ್ಲ. ರಜೆ ಮುಗಿದು ಶಾಲೆ ತೆರೆದ ದಿನ ಮೈದಾನದಲ್ಲಿ ನನ್ನ ಕೂಗು ಕೇಳುತ್ತೇನೆ, ಈ ತುದಿಯಿಂದ ಆ ತುದಿಗೆ ಮುಟ್ಟಿದರೆ ಮೈದಾನ ನನ್ನದು, ಇಲ್ಲದಿದ್ದರೆ ಲೈಬ್ರರಿ ನೋಡಿಕೊಳ್ಳಬೇಕು ಎಂದರು. ಲೈಬ್ರರಿ! ಅಲ್ಲಿ ಗೋಡೆಯ ಮೇಲೇ ಬರೆದಿದ್ದಾರೆ, ಮೌನವಾಗಿರಿ ಎಂದು.

ಇಲ್ಲಿ ನನ್ನ ತಂಗಿಯ ವಿಷಯ ಹೇಳಬೇಕು. ನನಗಿಂತ ತುಂಬ ಚಿಕ್ಕವಳು. ಅಮ್ಮ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದುದರಿಂದ ಅವಳನ್ನು ಬೈದು ಬೈದು ಬೆಳೆಸಿದವಳು ನಾನು. ಮನೆಯಲ್ಲಿ ಅವಳನ್ನು ಕೆದಕಮ್ಮ ಎನ್ನುತ್ತಿದ್ದೆವು. ಗಡಿಯಾರ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಕೆದಕದೆ ಬಿಟ್ಟವಳಲ್ಲ, ತಾತನ ಹಲ್ಲಿನ ಸೆಟ್ಟನ್ನು ಎರಡು ಹೋಳು ಮಾಡಿ ಒಳಗೇನಿದೆ ಎಂದು ನೋಡಿದ್ದಳು. ಅಂಥವಳು ಇಂಜಿನಿಯರಿಂಗ್ ಓದಿ, ಹಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಸೇರಿ, ಅಂಗುಳ ಕಳೆದುಕೊಂಡವರಿಗೆ ಹೊಸ ಬಗೆಯ ಪ್ಲೇಟು ಮಾಡುತ್ತಿದ್ದಳು. ನನಗೆ ಕಾಯಿಲೆ ಬಂದದ್ದರಿಂದ ಶುರು ಮಾಡಿದ್ದಲ್ಲ, ಇದೇನು ಸಿನಿಮಾ ಅಲ್ಲ. ಅವಳ ಕೆಲಸ ಮೊದಲೇ ನಡೆದಿತ್ತು, ನನ್ನ ಗಂಟು ಆಮೇಲೆ ಬಂತು.

ಮೊದಲು ಅವಳು ನನ್ನನ್ನು ಕರೆಯಲಿಲ್ಲ. ಸ್ವಂತ ಅಕ್ಕನ ಬಾಯಿಯಲ್ಲಿ ಪ್ರಯೋಗ ಮಾಡಿ ಅದು ಕೆಟ್ಟರೆ ಎಂಬ ಹೆದರಿಕೆ. ರಜೆ ಶುರುವಾದ ಮೇಲೆ ನಾನೇ ಹೋಗಿ ಅವಳ ಮೇಜಿನ ಮುಂದೆ ಕೂತೆ. ಇನ್ನೂ ಕೆಡುವುದಕ್ಕೆ ಏನು ಉಳಿದಿದೆ ಎಂದು ಮೂಗು ಹಿಡಿದುಕೊಂಡು ಕೇಳಿದೆ. ಸಂಸ್ಥೆಯ ಕಾಗದಪತ್ರಗಳೆಲ್ಲ ಮುಗಿದು ನನ್ನನ್ನು ಸೇರಿಸಿಕೊಂಡರು.

ಅವರ ಪ್ರಯೋಗಶಾಲೆ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ಮೂಲೆಯಲ್ಲಿ ಜಗಿಯುವ ಯಂತ್ರ, ಅದಕ್ಕೆ ಹೊಸ ಪ್ಲೇಟು ಕಚ್ಚಿಸಿ ಬೆಚ್ಚಗಿನ ನೀರಿನಲ್ಲಿ ಬಿಟ್ಟರೆ, ಎಲ್ಲಿ ಬಿರುಕು ಬರುತ್ತದೆಂದು ತಿಳಿಯುವವರೆಗೆ ಕಟಕಟ ಕಚ್ಚುತ್ತಲೇ ಇರುತ್ತದೆ. ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದಾರೆ. ಇನ್ನೊಂದು ಪದ್ಧತಿಯೂ ಅಲ್ಲಿದೆ. ಬಾಯಿಗೆ ಹಾಕುವಂಥದ್ದನ್ನು ಯಾರು ಮಾಡುತ್ತಾರೋ ಅವರು ಅದೇ ಸಾಮಾನಿನಲ್ಲಿ ತಮ್ಮ ಅಳತೆಗೆ ಒಂದು ಮಾಡಿಕೊಂಡು, ದಿನವಿಡೀ ಹಾಕಿಕೊಂಡು, ಅದರಲ್ಲೇ ಊಟ ಮಾಡಬೇಕು. ರೋಗಿಗೆ ಆಮೇಲೆ. ಹಾಗಾಗಿ ಅವರ ಊಟದ ಮೇಜಿನಲ್ಲಿ ಕೂತರೆ ಅಷ್ಟೂ ಜನ ವಿದ್ವಾಂಸರು ತೊದಲುತ್ತಿರುತ್ತಾರೆ. ಅವರ ನಡುವೆ ನನಗೆ ಬಹಳ ದಿನಗಳ ಮೇಲೆ ನಾಚಿಕೆಯಿಲ್ಲದೆ ಮಾತಾಡಬೇಕೆನ್ನಿಸಿತು.

ಅಲ್ಲಿಯ ಹಿರಿಯರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುತ್ತಾರೆ, ಹಲ್ಲಿನ ಡಾಕ್ಟರು. ಅವರು ನನ್ನನ್ನು ಒರಗುಕುರ್ಚಿಯಲ್ಲಿ ಮಲಗಿಸಿದರು. ತಂಗಿ ಪೆನ್ನಿನಂಥ ಕ್ಯಾಮೆರಾವನ್ನು ಬಾಯಲ್ಲಿ ಆಡಿಸಿದಳು, ನನ್ನ ಅರ್ಧ ಅಂಗುಳವೂ ಕಿಂಡಿಯೂ ಗೆರೆ ಗೆರೆಯಾಗಿ ಕಂಪ್ಯೂಟರಿನಲ್ಲಿ ಮೂಡಿದವು. ನಾನು ಕಣ್ಣು ಮುಚ್ಚಿಕೊಂಡೆ. ಅದನ್ನು ನಾನೇ ಕನ್ನಡಿಯಲ್ಲಿ ಸರಿಯಾಗಿ ನೋಡಿಕೊಂಡಿರಲಿಲ್ಲ. ನಮ್ಮ ಯಜಮಾನರ ಎದುರಿಗೂ ಒಂದು ದಿನ ಪ್ಲೇಟು ತೆಗೆದವಳಲ್ಲ ನಾನು, ಬಚ್ಚಲಿನ ಚಿಲಕ ಹಾಕಿಕೊಂಡೇ ತೊಳೆಯುತ್ತಿದ್ದೆ. ತಂಗಿ ಮಾತ್ರ, ತರಕಾರಿ ನೋಡುವಷ್ಟು ಸಹಜವಾಗಿ ನೋಡಿದಳು.

ಹೊಸ ಪ್ಲೇಟು ಕೈಗೆ ಬಂದಾಗ ನಂಬಿಕೆಯೇ ಬರಲಿಲ್ಲ. ಯಂತ್ರದಲ್ಲಿ ಪದರ ಪದರವಾಗಿ ಅಚ್ಚಾಗಿ ಬಂದದ್ದು, ಗಡ್ಡೆಯ ಒಳಗೆ ಟೊಳ್ಳು, ಅಂಚಿಗೆ ಮೆತ್ತನೆಯ ರಬ್ಬರಿನಂಥ ತುಟಿ. ಹಪ್ಪಳದಷ್ಟು ಹಗುರ. ಹಾಕಿಕೊಂಡು ನೀರು ಕುಡಿದೆ, ಮೂಗಿಗೆ ಒಂದು ಹನಿ ಬರಲಿಲ್ಲ. ವಿಷಲ್ ಕೊಟ್ಟರು, ಊದಿದೆ, ಜಗಿಯುವ ಅತ್ತೆಯ ಸದ್ದೂ ಅಡಗುವಂತೆ ಕೂಗಿತು. ಆಮೇಲೆ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆಯ ಪಾಠ ಓದಿಸಿದರು. ನದಿ, ದೋಣಿ, ಬಿಳಿ ಬಾತುಕೋಳಿ, ಹೀಗೆ ಎಲ್ಲ ಅಕ್ಷರಗಳೂ ಬರುವಂಥ ಸಪ್ಪೆ ಪಾಠ. ನಾನು ಓದಿದೆ. ಪ ಎಂದರೆ ಪ, ಬ ಎಂದರೆ ಬ. ಗಾಜಿನ ಆಚೆ ತಂಗಿ ಪರದೆ ನೋಡುತ್ತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡ ಡಾಕ್ಟ್ರು ಚಪ್ಪಾಳೆ ತಟ್ಟಿದರು. ನಾನಂತೂ ಹಿಗ್ಗಿ ಹೀರೇಕಾಯಿಯಾದೆ. ಇವಳನ್ನು ಸಾಕಿದವಳು ನಾನು ಎಂದು ಅಲ್ಲಿ ಕಸ ಗುಡಿಸುವವರಿಗೂ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಯಜಮಾನರನ್ನು ಕರೆದುಕೊಂಡು ಖಾಲಿ ಮೈದಾನಕ್ಕೆ ಹೋದೆ. ಅವರು ದರ್ಜಿ, ಮೆತ್ತಗಿನ ಮನುಷ್ಯ, ಹೇಳಿದ ಕಡೆ ಹೋಗಿ ನಿಲ್ಲುವ ಸ್ವಭಾವ. ಆಚೆ ತುದಿಯಲ್ಲಿ ನಿಲ್ಲಿಸಿ, ಈಚೆಯಿಂದ ಎದೆ ತುಂಬ ಉಸಿರೆಳೆದು ಕೂಗಿದೆ. ಅರ್ಧ ಕೂಗಿಗೇ ಪ್ಲೇಟು ಕಳಚಿ ನಾಲಿಗೆಯ ಮೇಲೆ ಬಿತ್ತು. ಕೂರಿಸಿಕೊಂಡು ಮತ್ತೆ ಕೂಗಿದೆ. ಮತ್ತೆ ಬಿತ್ತು. ಅವರು ದೂರದಿಂದ ಕಿವಿಗೆ ಕೈಯಿಟ್ಟು, ಏನೂ ಕೇಳಿಸಲಿಲ್ಲ ಎಂದು ತಲೆಯಾಡಿಸಿದರು.

ಸಂಸ್ಥೆಗೆ ಓಡಿದೆ. ತಂಗಿ ಎಲ್ಲವನ್ನೂ ಮತ್ತೆ ನೋಡಿದಳು, ಕೊಕ್ಕೆ ಬಿಗಿ, ಅಂಚು ಬಿಗಿ. ಗಾಜಿನ ಕೋಣೆಯಲ್ಲಿ ಬಾತುಕೋಳಿಯ ಪಾಠ ಮತ್ತೆ ಓದಿಸಿದರು, ಮತ್ತೆ ಬಂಗಾರದಂಥ ಫಲಿತಾಂಶ. ಹೀಗೇ ಒಂದು ವಾರ. ಇಲ್ಲಿ ಓದಿದರೆ ಸರಿ, ಅಲ್ಲಿ ಕೂಗಿದರೆ ನೆಲಕಚ್ಚುವುದು. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ದೊಡ್ಡ ಡಾಕ್ಟ್ರು ತುಂಬ ವಿನಯದಿಂದ, ತಾವು ಸ್ವಲ್ಪ ಮೆತ್ತಗೆ ಮಾತಾಡುವ ಅಭ್ಯಾಸ ಮಾಡಿಕೊಂಡರೆ ಹೇಗೆ ಎಂದರು. ನಾನು ಹಲ್ಲು ಕಚ್ಚಿಕೊಂಡೆ, ಉಳಿದಿರುವಷ್ಟು ಹಲ್ಲು. ಆಗ ತಂಗಿ ಪರದೆಯಿಂದ ಕಣ್ಣು ತೆಗೆಯದೆ, ಅಕ್ಕ ಬಹುಶಃ ಪ್ಲೇಟನ್ನು ಸರಿಯಾಗಿ ಕೂರಿಸಿಕೊಳ್ಳುತ್ತಿಲ್ಲ ಎಂದು ಡಾಕ್ಟರಿಗೆ ಹೇಳಿದಳು. ನನಗಲ್ಲ, ಡಾಕ್ಟರಿಗೆ.

ಪಿತ್ತ ನೆತ್ತಿಗೇರಿತು.

"ನಿನ್ನ ಯಂತ್ರ ಸರಿ, ನಿನ್ನ ಕಂಪ್ಯೂಟರ್ ಸರಿ, ನಿನ್ನ ಬಾತುಕೋಳಿನೂ ಸರಿ. ನನ್ನ ಬಾಯಿ ಒಂದೇ ತಪ್ಪು, ಅಲ್ವೇನೇ? ನಿನಗೆ ಅನ್ನ ಅನ್ನೋಕೆ ಕಲಿಸಿದ ಬಾಯಿ ಇದು, ಇದಕ್ಕೆ ಪ್ಲೇಟ್ ಹಾಕ್ಕೊಳ್ಳೋಕೆ ಬರಲ್ವಾ?"

ಇನ್ನೂ ಬೇಕಾದಷ್ಟಿತ್ತು. ಆದರೆ ಪ್ಲೇಟು ಬಾಯಿಂದ ಹಾರಿ ಮೇಜಿನ ಮೇಲೆ ಟಣ್ಣನೆ ಬಿತ್ತು. ಎಲ್ಲರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ, ಅಷ್ಟು ಜನರ ಮುಂದೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ತಂಗಿ ಪ್ಲೇಟಿನ ಕಡೆ ನೋಡಲೇ ಇಲ್ಲ. ನನ್ನ ಕೆನ್ನೆಯನ್ನೇ, ಕಿವಿಯ ಮುಂದಿನ ಜಾಗವನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಹತ್ತಿರ ಬಂದು ನನ್ನ ದವಡೆಗೆ ಎರಡು ಬೆರಳು ಒತ್ತಿದಳು.

"ಅಕ್ಕ, ಇನ್ನೊಂದ್ಸಲ ಬೈಯಿ," ಎಂದಳು. "ಹೀಗೇ ಬೈಯಿ. ಸರ್, ನಮ್ಮ ಕುರ್ಚೀಲಿ ಇವತ್ತಿನವರೆಗೆ ಯಾರೂ ಬಾಯಿ ಮಾಡಿಲ್ಲ. ನಾವು ಸಾಧುಗಳ ಬಾಯಿನೇ ಅಳೀತಾ ಬಂದಿದ್ದೀವಿ."

ದೊಡ್ಡ ಡಾಕ್ಟ್ರು ನಿಧಾನವಾಗಿ ಕನ್ನಡಕ ತೆಗೆದರು. ಆಮೇಲೆ ಅವರೇ ನನಗೆ ಬಿಡಿಸಿ ಹೇಳಿದರು. ಕೆಳದವಡೆಯ ಹಿಂದುಗಡೆ, ಕೆನ್ನೆಯ ಒಳಗೆ, ಕೊಂಬಿನ ಹಾಗೆ ಮೇಲೆದ್ದ ಒಂದು ಎಲುಬಿದೆ. ಮೆಲ್ಲಗೆ ಮಾತಾಡುವಾಗ ಅದು ತನ್ನ ಪಾಡಿಗೆ ತಾನಿರುತ್ತದೆ. ಬಾಯಿ ಪೂರ್ತಿ ತೆರೆದು ದವಡೆ ಮುಂದೆ ಚಾಚಿ ಕೂಗಿದರೆ ಆ ಕೊಂಬು ಮುಂದಕ್ಕೆ ಬಂದು ಪ್ಲೇಟಿನ ಹೊರ ಅಂಚನ್ನು ಗುದ್ದುತ್ತದೆ. ಇದು ಪುಸ್ತಕದಲ್ಲಿಯೂ ಇದೆ, ಅವರಿಗೂ ಗೊತ್ತಿತ್ತು. ಆದರೆ ಅವರು ಅಳತೆ ತೆಗೆಯುವುದು ಮಲಗಿಸಿ, ಪರೀಕ್ಷೆ ಮಾಡುವುದು ಬಾತುಕೋಳಿ ಓದಿಸಿ. ಬಿಳಿ ಕೋಟಿನವರ ಮುಂದೆ ಬಾಯಿ ತೆರೆದು ಮಲಗಿದವರು ಯಾರು ತಾನೇ ಜಗಳವಾಡುತ್ತಾರೆ? ಎಂಥ ಜಗಳಗಂಟಿಯೂ ಅಲ್ಲಿ ಬೆಕ್ಕಿನ ಮರಿ. ನಾನೂ ಹಾಗೇ ಇದ್ದೆ, ಒಂದು ವಾರ.

ತಂಗಿ ಪ್ಲೇಟಿನ ಅಂಚಿಗೆಲ್ಲ ಬಿಳಿ ಲೇಪ ಸವರಿ ಬಾಯಿಗೆ ಕೂರಿಸಿದಳು, ಎಲುಬು ಒತ್ತಿದ ಕಡೆ ಲೇಪ ಅಳಿಸಿಹೋಗುತ್ತದಂತೆ. ಈಗ ಬೈಯಿ ಎಂದಳು. ಬಾಯಿ ತೆರೆದೆ. ಬರಲಿಲ್ಲ! ಅಪ್ಪಣೆ ಕೊಟ್ಟರೆ ಬೈಗುಳ ಬರುತ್ತದೆಯೇ? ಅಷ್ಟೂ ಜನ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ದೊಡ್ಡ ಡಾಕ್ಟ್ರು, ನನ್ನನ್ನೇ ಬೈಯಿರಿ, ಸಂಕೋಚ ಬೇಡ ಎಂದರು. ಅಂಥ ಸಜ್ಜನರನ್ನು ಹೇಗೆ ಬೈಯಲಿ? ಅಷ್ಟರಲ್ಲಿ ನನ್ನನ್ನು ಮನೆಗೆ ಕರೆದೊಯ್ಯಲು ಬಂದ ಯಜಮಾನರು ಬಾಗಿಲಲ್ಲಿ ನಿಂತು, ಏನೂ ಗೊತ್ತಿಲ್ಲದೆ, ಸಮಾಧಾನ ಹೇಳುವ ದನಿಯಲ್ಲಿ, "ಹೋಗ್ಲಿ ಬಿಡೇ, ಲೈಬ್ರರೀಲಿ ಫ್ಯಾನ್ ಆದ್ರೂ ಇರುತ್ತೆ," ಎಂದರು.

ಆಮೇಲೆ ನಾನು ಆಡಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಮದುವೆಯಾದಾಗಿನಿಂದ ಕೂಡಿಟ್ಟಿದ್ದೂ ಅದರಲ್ಲಿ ಬಂತು. ಪ್ಲೇಟು ಬಿದ್ದಾಗ ತಂಗಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಹೊರ ಅಂಚಿನ ಹಿಂದಿನ ಮೂಲೆಯಲ್ಲಿ ಬಿಳಿ ಲೇಪ ಉಗುರಿನಷ್ಟು ಅಗಲ ಅಳಿಸಿತ್ತು. ಪಾಪ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಒಬ್ಬರು ಕುರ್ಚಿ ಕೊಟ್ಟರು, ಇನ್ನೊಬ್ಬರು ಕಾಫಿ ಕೊಟ್ಟರು.

ಅಂಚು ಕೆತ್ತಿದರು, ಇಳಿಜಾರು ಮಾಡಿದರು, ಕೊಕ್ಕೆಯ ಜಾಗ ಬದಲಾಯಿಸಿದರು. ಕೆತ್ತಿದ್ದು ಹೆಚ್ಚಾಗಿ ಗಾಳಿ ಸೋರಿತು, ಮತ್ತೆ ಅಚ್ಚು ಹಾಕಿದರು. ಪ್ರತಿಸಲವೂ ಯಜಮಾನರು ಬಂದು ಎದುರಿಗೆ ಕೂರುತ್ತಿದ್ದರು, ನಾನು ಬೈಯುತ್ತಿದ್ದೆ. ವಿಜ್ಞಾನಕ್ಕೋಸ್ಕರ ಬೈಸಿಕೊಳ್ಳುವುದರಲ್ಲಿ ಒಂದು ಮರ್ಯಾದೆ ಇದೆ ಎಂದು ಅವರು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡರಂತೆ. ಕೊನೆಗೆ ಒಂದು ದಿನ ನಾನು ಉಸಿರು ಮುಗಿಯುವವರೆಗೆ ಬೈದೆ, ಪ್ಲೇಟು ಜಪ್ಪಯ್ಯ ಎನ್ನಲಿಲ್ಲ.

ಅಷ್ಟಕ್ಕೆ ತಂಗಿ ಸುಮ್ಮನಾಗಲಿಲ್ಲ. ಮೊದಲು ಪ್ಲೇಟು ಹಾಕಿಸಿಕೊಂಡು ಹೋದವರನ್ನೆಲ್ಲ ಮತ್ತೆ ಕರೆಸಿದಳು. ಅವರಲ್ಲೊಬ್ಬರು ಬಸ್ ಕಂಡಕ್ಟರಾಗಿದ್ದ ಹಿರಿಯರು. ಪ್ಲೇಟಿನಿಂದ ತೊಂದರೆ ಇದೆಯೇ ಎಂದರೆ ಇಲ್ಲ ಎಂದರು. ಕೂಗಿ ಎಂದಾಗ ತಲೆ ತಗ್ಗಿಸಿ ಕೂತರು. ಆಮೇಲೆ ಹೇಳಿದರು:

"ಕಾಯಿಲೆ ಬಂದ ಮೇಲೆ ನಾನು ಶಾಂತ ಆದೆ ಅಂತ ಮನೇಲಿ ಎಲ್ಲರಿಗೂ ಖುಷಿ ಆಗಿದೆಯಮ್ಮ. ಶಾಂತಿ ಎಲ್ಲಿ ಬಂತು? ಜೋರಾಗಿ ಮಾತಾಡಿದ್ರೆ ಬಿದ್ದುಹೋಗುತ್ತೆ. ತಪ್ಪು ನನ್ನದೇ ಇರಬೇಕು ಅಂದ್ಕೊಂಡು ಸುಮ್ಮನಾದೆ."

ತಂಗಿ ಎದ್ದು ಆ ಹಿರಿಯರ ಪ್ಲೇಟಿಗೆ ಬಿಳಿ ಲೇಪ ಸವರಿದಳು. ಅಂದಿನಿಂದ ಆ ಸಂಸ್ಥೆಯಲ್ಲಿ ಬಾತುಕೋಳಿ ಓದಿದರೆ ಸಾಲದು, ಬೈಗುಳದ ಪರೀಕ್ಷೆಯಲ್ಲೂ ಪಾಸಾಗದೆ ಒಂದು ಪ್ಲೇಟೂ ಹೊರಗೆ ಹೋಗುವುದಿಲ್ಲ. ಬೈಯಲು ನಾಚುವವರು ಬಂದರೆ ತೋರಿಸಿಕೊಡಲು ನನ್ನನ್ನು ಕರೆಯುತ್ತಾರೆ. ನನಗೆ ಬರುವ ವಿದ್ಯೆಗೆ ಅಂಥ ಕಡೆ ಬೆಲೆ ಸಿಕ್ಕಿತಲ್ಲ!

ಶಾಲೆ ತೆರೆಯಿತು. ಹೆಡ್‌ಮಿಸ್ಸು ಆಚೆ ತುದಿಯ ಕಾಂಪೌಂಡಿನ ಬಳಿ ಹೋಗಿ ನಿಂತರು. ಮಕ್ಕಳೆಲ್ಲ ಮೈದಾನದ ತುಂಬ ಚೆಲ್ಲಾಪಿಲ್ಲಿ. ತಂಗಿ ರಜೆ ಹಾಕಿ ಬಂದು ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಿದ್ದಳು, ಹತ್ತಿರ ಬಾ ಎಂದರೆ ಬರಲಿಲ್ಲ, ಪರೀಕ್ಷೆ ಬರೆಯುವವಳಿಗಿಂತ ಹೆಚ್ಚು ಬೆವರಿದ್ದಳು. ನಾನು ಉಸಿರೆಳೆದು, ಸಾಲಿಗೆ ಬನ್ನಿ ಎಂದು ಕೂಗಿದೆ. ಕೂಗು ಹೋಗಿ ಗೋಡೆಗೆ ಬಡಿದು ತಿರುಗಿ ನನಗೇ ಕೇಳಿಸಿತು. ಮಕ್ಕಳು ಎದ್ದುಬಿದ್ದು ಓಡಿಬಂದು ಸಾಲಾದರು. ಹೆಡ್‌ಮಿಸ್ಸು ಅಷ್ಟು ದೂರದಿಂದಲೇ, ಕೇಳಿಸಿತು ಎಂದು ಎರಡೂ ಕೈ ಎತ್ತಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಹಿಂದಿನ ವರ್ಷದ ನನ್ನ ಎಮ್ಮೆಯ ರಾಗವನ್ನು ಮೆಲ್ಲಗೆ ಅಣಕಿಸಿದ. ಅಕ್ಕಪಕ್ಕದವರು ಕಿಸಕ್ಕೆಂದರು. ಮೊದಲಾದರೆ ಬೈದು ನೀರಿಳಿಸುತ್ತಿದ್ದೆ. ಅವತ್ತು ಏಕೋ ಕೋಪ ಬರಲಿಲ್ಲ. ಗೇಟಿನ ಹತ್ತಿರ ನಿಂತಿದ್ದವಳು ತಲೆ ತಗ್ಗಿಸಿದ್ದು ಕಾಣಿಸಿತು. ಅವಳೇಕೆ ತಲೆ ತಗ್ಗಿಸಬೇಕು?

ಅಷ್ಟೂ ಮಕ್ಕಳ ಮುಂದೆ ಬಾಯಿಗೆ ಬೆರಳು ಹಾಕಿ ಪ್ಲೇಟು ತೆಗೆದೆ. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಇದನ್ನು ಮಾಡಿದವಳು ನನ್ನ ತಂಗಿ ಎಂದೆ. ಬಂದದ್ದು ಬರೀ ಮೂಗಿನ ಗೊಣಗು. ಒಬ್ಬರಿಗೂ ಅರ್ಥವಾಗಲಿಲ್ಲ. ಮೊದಲು ಕೆಲವರು ನಕ್ಕರು, ಆಮೇಲೆ ನಗು ತಾನಾಗಿ ನಿಂತಿತು, ಅಣಕಿಸಿದವನ ಮುಖ ಸಪ್ಪಗಾಯಿತು. ಆ ಮೌನ ಪೂರ್ತಿ ಆಗುವವರೆಗೆ ಕಾದೆ. ನಂತರ ಪ್ಲೇಟನ್ನು ಮತ್ತೆ ಕೂರಿಸಿಕೊಂಡು, ಆಚೆ ಗೋಡೆಯವರೆಗೆ ಕೇಳುವಂತೆ ಕೂಗಿದೆ.

"ಇದನ್ನ ಮಾಡಿದೋಳು ನನ್ನ ತಂಗಿ! ಅಗೋ, ಗೇಟಿನ ಹತ್ರ ನಿಂತಿದ್ದಾಳೆ, ನೋಡ್ಕೊಳ್ಳಿ!"

ಅಷ್ಟೂ ತಲೆಗಳು ಒಟ್ಟಿಗೆ ಗೇಟಿನ ಕಡೆ ತಿರುಗಿದವು. ಮೊದಲು ಯಾರೋ ಒಂದು ಮಗು ಚಪ್ಪಾಳೆ ತಟ್ಟಿತು, ಆಮೇಲೆ ಮೈದಾನವೇ ತಟ್ಟಿತು. ಅಷ್ಟೆಲ್ಲ ಓದಿದ ನನ್ನ ತಂಗಿ ಗೇಟಿನ ಸರಳು ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದಳು. ಟೀಚರು ಮೈದಾನದಲ್ಲಿ ಅಳಬಾರದು. ಬಿಸಿಲಲ್ಲಿ ನಿಂತು ಅಳಬೇಡ, ನೆರಳಿಗೆ ಬಾ ಎಂದು ಇನ್ನೊಂದು ಕೂಗು ಹಾಕಿದೆ. ಇಡೀ ಮೈದಾನ ದಾಟಿ ಬಂದಳು.